ಬೆಟ್ಟದವರು ಉಪ್ಪು ಎಲ್ಲಿಂದ ತರುತ್ತಾರೆ?

ಅಕ್ಕನ ಮಗ ಓದಲೆಂದು ಇಟಲಿಗೆ ಹೋದವನು ಅಲ್ಲೇ ಕೆಲಸ ಹಿಡಿದು, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ನೆಲೆ ನಿಂತಿದ್ದಾನೆ. ಅವಳದು ಉಂಬ್ರಿಯಾ ಪ್ರಾಂತ್ಯ. ಟೋಡಿ ಎಂಬ ಗುಡ್ಡದೂರಿಗೆ ಎದುರಾಗಿರುವ ಇನ್ನೊಂದು ಗುಡ್ಡದ ಮೇಲೆ, ನಕ್ಷೆಯಲ್ಲಿ ಹುಡುಕಿದರೂ ಸಿಗದಷ್ಟು ಚಿಕ್ಕ ಊರು. ಚಳಿಗಾಲದ ರಜೆಗೆ ಇಬ್ಬರೂ ಬಂದು ಸುಬ್ರಹ್ಮಣ್ಯಪುರದ ನಮ್ಮ ಮನೆಯಲ್ಲಿ ಉಳಿದಾಗ ಅವಳ ಬೇಡಿಕೆ ಒಂದೇ ಆಗಿತ್ತು. ಮೈಸೂರು ಅರಮನೆ, ಹಂಪಿ, ಬೇಲೂರು ಎಲ್ಲ ಮದುವೆಯ ವರ್ಷವೇ ಆಗಿವೆ. ಈ ಸಲ ನಿಮ್ಮ ಕಡೆಯ ಗುಡ್ಡದ ಮೇಲಿನ ಸಣ್ಣ ಊರುಗಳನ್ನು ತೋರಿಸಿ. ಮುಂದಿನ ವರ್ಷ ನಾವು ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು, ಆಗ ಅವಳು ತನ್ನ ಕಡೆಯವನ್ನು ತೋರಿಸುತ್ತಾಳಂತೆ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ.

ನಮ್ಮ ಯಜಮಾನರಿಗೆ ಇಂಥ ಕೆಲಸ ಸಿಕ್ಕರೆ ಊಟ ಬೇಡ. ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ಪಟ್ಟಿ ಬರೆಯಲು ಕೂತರು. ಬೆಂಗಳೂರಿನವರಿಗೆ ಬೆಟ್ಟಕ್ಕೇನು ಬರ? ಸುತ್ತಲೂ ನವದುರ್ಗಗಳೇ ಇವೆ: ಸಾವನದುರ್ಗ, ನಂದಿದುರ್ಗ, ಮಾಕಳಿದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಕಬ್ಬಾಳದುರ್ಗ. ಅದರ ಮೇಲೆ ಶಿವಗಂಗೆ, ಮಧುಗಿರಿ, ಗುಡಿಬಂಡೆ, ಆವನಿ, ಮೇಲುಕೋಟೆ, ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರನ ಬೆಟ್ಟ. ಹಾಳೆ ತುಂಬಿತು. ನಾವಿರುವುದೂ ಗುಡ್ಡಗಳ ನಡುವೆಯೇ. ಈ ಕಡೆ ವಸಂತಪುರದ ಗುಡ್ಡದಲ್ಲಿ ವಸಂತ ವಲ್ಲಭರಾಯ, ಆ ಕಡೆ ತುರಹಳ್ಳಿಯ ಬಂಡೆಗಳು. ಇವೆರಡನ್ನೂ ಹುಡುಗಿಗೆ ಬೆಳಗಿನ ವಾಕಿಂಗ್‌ನಲ್ಲೇ ತೋರಿಸಿ ಮುಗಿಸಿದ್ದೆವು.

ಪಟ್ಟಿಯಿಂದ ಆರಿಸುವುದು ಬರೆದಷ್ಟು ಸುಲಭವಲ್ಲ. ನಮ್ಮ ಕಡೆಯವರ ಪ್ರವಾಸದ ಮೊದಲ ನಿಯಮ ನೈಸ್ ರಸ್ತೆ. ಕನಕಪುರ ರಸ್ತೆಯ ಬಳಿ ಅದನ್ನು ಹತ್ತಿಬಿಟ್ಟರೆ ಮೈಸೂರು ರಸ್ತೆ, ಮಾಗಡಿ ರಸ್ತೆ, ತುಮಕೂರು ರಸ್ತೆ ಮೂರೂ ಪೇಟೆಯೊಳಗೆ ಕಾಲಿಡದೆ ಸಿಗುತ್ತವೆ. ಪೂರ್ವ ದಿಕ್ಕಿನ ಊರುಗಳಿಗೆ ಆ ಭಾಗ್ಯವಿಲ್ಲ. ಹೀಗಾಗಿ ಮುಳಬಾಗಿಲಿನ ಪಕ್ಕದ ಆವನಿ ಮೊದಲ ಸುತ್ತಿನಲ್ಲೇ ಬಿತ್ತು. ಇದು ಅನ್ಯಾಯ, ಒಪ್ಪುತ್ತೇನೆ. ಆವನಿಯ ರಾಮಲಿಂಗೇಶ್ವರ ಗುಡಿಗಳ ಗುಂಪು ಇಟಲಿಯಲ್ಲಿದ್ದಿದ್ದರೆ ಟಿಕೆಟ್ಟಿಗೆ ಸರದಿ ನಿಲ್ಲಬೇಕಾಗುತ್ತಿತ್ತು. ಆದರೆ ಯಾವ ಊರು ನೋಡುತ್ತೇವೆ ಅನ್ನುವುದನ್ನು ಅರ್ಧ ನಾವು ತೀರ್ಮಾನಿಸುತ್ತೇವೆ, ಇನ್ನರ್ಧ ಟ್ರಾಫಿಕ್ಕು ತೀರ್ಮಾನಿಸುತ್ತದೆ.

ನಂದಿಯೂ ನೈಸ್ ರಸ್ತೆಯ ನಿಯಮಕ್ಕೆ ಒಗ್ಗುವುದಲ್ಲ. ಆದರೆ "ಫಾರಿನ್‌ನಿಂದ ಬಂದವರಿಗೆ ನಂದಿ ತೋರಿಸದೆ ಕಳಿಸೋಕಾಗುತ್ತೇನೇ?" ಎಂದು ಯಜಮಾನರು ಹಟ ಹಿಡಿದರು. ಬೆಳಗಿನ ಜಾವ ಹೊರಟು, ಕಾರು-ಬೈಕುಗಳ ಮೆರವಣಿಗೆಯಲ್ಲಿ ತೆವಳಿ ಮೇಲೆ ಸೇರಿದೆವು. 4,851 ಅಡಿ ಎತ್ತರದಲ್ಲಿ ಏನುಂಟು ಏನಿಲ್ಲ! ಟಿಪ್ಪುವಿನ ಬೇಸಿಗೆಯ ಬಿಡಾರ, ಕಬ್ಬನ್ ಸಾಹೇಬರಿದ್ದ ಬಂಗಲೆ, ಯೋಗನಂದೀಶ್ವರನ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಮೃತ ಸರೋವರ, 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಒಡೆದು ನುಗ್ಗಿದ ಕೋಟೆಗೋಡೆ. 1986ರ ಸಾರ್ಕ್ ಸಮ್ಮೇಳನಕ್ಕೆ ಬೆಂಗಳೂರಿಗೆ ಬಂದ ನಾಯಕರನ್ನು ಇಲ್ಲಿಗೂ ಕರೆತಂದಿದ್ದರು. ಯಜಮಾನರು ಒಂದೊಂದನ್ನೂ ತಮ್ಮ ಸ್ವಂತದ್ದೆಂಬಂತೆ ತೋರಿಸುತ್ತ ಬಂದರು. ಹುಡುಗಿ ಎಲ್ಲವನ್ನೂ ನೋಡಿದಳು, ಮಂಜಿನ ಫೋಟೋ ತೆಗೆದಳು, ಮಸಾಲೆ ಹಾಕಿದ ಸೌತೆಕಾಯಿ ತಿಂದಳು. ಆಮೇಲೆ ಸುತ್ತಮುತ್ತ ಕಣ್ಣಾಡಿಸಿ ಕೇಳಿದಳು: "ಚಿಕ್ಕಮ್ಮ, ಇಲ್ಲಿಯವರು ಉಪ್ಪು ಎಲ್ಲಿಂದ ತರುತ್ತಾರೆ?"

ಇಲ್ಲಿಯವರು ಅಂತ ಯಾರೂ ಇಲ್ಲಮ್ಮ ಎಂದೆ. ತೋಟಗಾರಿಕೆ ಇಲಾಖೆಯವರಿದ್ದಾರೆ, ಅರ್ಚಕರಿದ್ದಾರೆ, ಹೋಟೆಲಿನವರಿದ್ದಾರೆ. ಸಂಜೆಯಾದರೆ ನಮ್ಮಂಥವರನ್ನೆಲ್ಲ ಇಳಿಸಿ ಗೇಟು ಹಾಕುತ್ತಾರೆ.

"ಹಾಗಾದರೆ ಇದು ಊರಲ್ಲ, ಬಾಲ್ಕನಿ" ಎಂದಳು.

ಯಜಮಾನರ ಮುಖ ಸಣ್ಣಗಾಯಿತು. ನನಗೆ ಮಾತ್ರ, ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಪಾಠ ಮಾಡಿದವಳಿಗೆ, ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ಮಗುವೂ ಕೇಳಲಿಲ್ಲವಲ್ಲ ಅನ್ನಿಸಿತು. ಇಳಿಯುವಾಗ ಬುಡದಲ್ಲಿರುವ ನಂದಿ ಗ್ರಾಮಕ್ಕೆ ಹೋದೆವು. ಒಂಬತ್ತನೆಯ ಶತಮಾನದ ಭೋಗನಂದೀಶ್ವರನ ಗುಡಿ, ಶೃಂಗಿ ತೀರ್ಥದ ದೊಡ್ಡ ಕಲ್ಯಾಣಿ, ಗುಡಿಯ ಆಚೆಗೆ ಮನೆಗಳು, ಹಿಟ್ಟಿನ ಗಿರಣಿ, ಅಂಗಡಿ. ಮೇಲಿರುವವನು ಯೋಗನಂದೀಶ್ವರ, ಕೆಳಗಿರುವವನು ಭೋಗನಂದೀಶ್ವರ. ತುಮಕೂರಿನ ದೇವರಾಯನದುರ್ಗದಲ್ಲೂ ಹಾಗೇ, ತುದಿಯಲ್ಲಿ ಯೋಗಾನರಸಿಂಹ, ಕೆಳಗಿನ ಮಜಲಿನಲ್ಲಿ ಭೋಗಾನರಸಿಂಹ. ನಮ್ಮ ಹಿರಿಯರ ಏರ್ಪಾಡು ಎಷ್ಟು ಖಚಿತ ನೋಡಿ. ಎಲ್ಲ ಬಿಟ್ಟು ಕೂತ ದೇವರಿಗೆ ಬೆಟ್ಟದ ತುದಿ. ಹೆಂಡತಿಯೊಂದಿಗೆ ಸಂಸಾರ ಮಾಡುವ ದೇವರಿಗೆ ಕೆಳಗೆ, ಜನರ ನಡುವೆ, ಸಂತೆಗೆ ಹತ್ತಿರವಾಗಿ ಜಾಗ. ಸಂಸಾರ ಇರುವಲ್ಲಿ ತಾನೇ ಉಪ್ಪು ಬೇಕಾಗುವುದು?

ಉಂಬ್ರಿಯಾದಲ್ಲಿ ಇದು ತಲೆಕೆಳಗು. ಅಲ್ಲಿ ಸಂಸಾರಸ್ಥರೆಲ್ಲ ಮೇಲೆ. ಟೋಡಿ, ಓರ್ವಿಯೇಟೊ, ಸ್ಪೆಲ್ಲೊ, ಅಸ್ಸೀಸಿ ಎಲ್ಲವೂ ಗುಡ್ಡದ ನೆತ್ತಿಯಲ್ಲೋ ಭುಜದ ಮೇಲೋ ಒತ್ತೊತ್ತಾಗಿ ಕೂತ ಊರುಗಳು. ನಡುವೆ ಚೌಕ, ಚೌಕಕ್ಕೊಂದು ಚರ್ಚು, ಸುತ್ತ ಗೋಡೆ. ಹೊಲ, ಆಲಿವ್ ತೋಟ, ದ್ರಾಕ್ಷಿ ಎಲ್ಲ ಇಳಿಜಾರಿನಲ್ಲಿ. ಬೆಳಗ್ಗೆ ಇಳಿದು ದುಡಿದು ಸಂಜೆ ಹತ್ತಿ ಮನೆ ಸೇರುವುದು ಅಲ್ಲಿಯ ರೈತರ ಪಾಡಾಗಿತ್ತು. ಯಾಕೆ ಹಾಗೆ ಎಂದರೆ ಕಾರಣಗಳುಂಟು. ಬಯಲಲ್ಲಿ ಇದ್ದವನನ್ನು ದಂಡು ಬಂದಾಗಲೆಲ್ಲ ದೋಚುತ್ತಿದ್ದರು. ಇನ್ನೊಂದು ಕಾರಣ ಸೊಳ್ಳೆ. ನಡು ಇಟಲಿಯ ತಗ್ಗು ಪ್ರದೇಶಗಳ ಜೌಗಿನಲ್ಲಿ ಮಲೇರಿಯಾ ಮನೆ ಮಾಡಿತ್ತು. ರೋಮ್ ನಗರದ ದಕ್ಷಿಣದ ದೊಡ್ಡ ಜೌಗು ಬಸಿದು ಹೊಲವಾದದ್ದು 1930ರ ದಶಕದಲ್ಲಷ್ಟೆ. ಮೇಲಿದ್ದವನು ಬದುಕಿದ. ನಮ್ಮ ಮಲೆನಾಡಿನ ಕತೆ ಉಲ್ಟಾ. ಅಲ್ಲಿ ಕಾಡುಗುಡ್ಡಗಳಲ್ಲೇ ಮಲೇರಿಯಾ ಇದ್ದು, ಮೈಸೂರು ಸಂಸ್ಥಾನದ ಕಾಲದಲ್ಲಿ ಜನಸಂಖ್ಯೆ ಕುಗ್ಗಲು ಅದೂ ಒಂದು ಕಾರಣವಾಗಿತ್ತು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಮಾತನ್ನು ನಮ್ಮ ಅಜ್ಜಿ ಹೇಳುತ್ತಿದ್ದರು.

ಬಯಲುಸೀಮೆಯ ನಮ್ಮ ಬೆಟ್ಟಗಳಲ್ಲಿ ಜನ ಕೆಳಗೇ ಉಳಿದದ್ದಕ್ಕೆ ಮುಖ್ಯ ಕಾರಣ ನೀರು. ಮಧುಗಿರಿಯಂಥ, ಸಾವನದುರ್ಗದಂಥ ಒಂದೇ ಬಂಡೆಯ ಬೆಟ್ಟಗಳ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಜಾರಿ ಬರುತ್ತದೆ. ಬಂದ ನೀರಿಗೆ ಬುಡದಲ್ಲೊಂದು ಏರಿ ಹಾಕಿದರೆ ಕೆರೆ, ಕೆರೆಯ ಹಿಂದೆ ಗದ್ದೆ, ಗದ್ದೆಯ ದಡದಲ್ಲಿ ಊರು. ಗುಡಿಬಂಡೆಯ ಕೋಟೆಯಿಂದ ಕೆಳಗೆ ಕಾಣುವ ಅಮಾನಿ ಭೈರಸಾಗರ ಇದಕ್ಕೆ ಒಳ್ಳೆಯ ಸಾಕ್ಷಿ. ಬೆಟ್ಟವೆಂದರೆ ನಮಗೆ ನೀರು ಬರುವ ದಿಕ್ಕು. ದಂಡು ಬಂದಾಗ ಮಾತ್ರ ಮೇಲೆ ಹತ್ತಿ ಬಾಗಿಲು ಹಾಕಿಕೊಳ್ಳುವುದು, ದಂಡು ಹೋದ ಮೇಲೆ ಇಳಿದು ಬಂದು ನಾಟಿ ಹಾಕುವುದು.

ಮೇಲೆ ಊರು ಕಟ್ಟಿದವರು ಇರಲೇ ಇಲ್ಲವೆಂದಲ್ಲ. ತೀರ್ಥಹಳ್ಳಿ ಬಳಿ ಕೆಳದಿ ಅರಸರ ಕವಲೇದುರ್ಗವಿದೆ. ಕಲ್ಲು ಹಾಸಿದ ದಾರಿ, ಕೊಳಗಳು, ಅರಮನೆಯ ತಳಪಾಯ, ಅಡುಗೆಮನೆಯ ಕಲ್ಲಿನ ಒಲೆ ಕೂಡ ಉಳಿದಿವೆ, ಊದುವವರಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೂ ಪಾಳೆಯಗಾರರ ಕಾಲದಲ್ಲಿ ತುಂಬಿದ ಬದುಕಿತ್ತು. 1779ರಲ್ಲಿ ಮದಕರಿ ನಾಯಕನನ್ನು ಹೈದರಾಲಿ ಸೆರೆಹಿಡಿದ ಮೇಲೆ ಆ ಬದುಕು ಕದಡಿತು. ತರಾಸು ಅವರ 'ದುರ್ಗಾಸ್ತಮಾನ' ಓದಿದವರಿಗೆ ಆ ಕತೆ ಹೊಸದಾಗಿ ಹೇಳಬೇಕಿಲ್ಲ. ಆದರೆ ದುರ್ಗದಲ್ಲಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುವುದು ಯುದ್ಧವಲ್ಲ, ಹೊಂಡಗಳು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಪೇಟೆಯ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ನೀರು ಹರಿಯುವ ಏರ್ಪಾಡು. ಜನರೂ ಅದೇ ದಾರಿ ಹಿಡಿದು ಕೆಳಗಿಳಿದರು.

ಹೀಗೆ ಪಟ್ಟಿಯನ್ನು ಎರಡನೇ ಸಲ ಕೈಗೆತ್ತಿಕೊಂಡಾಗ ಅಳತೆಗೋಲು ಬದಲಾಗಿತ್ತು. ಎತ್ತರ, ಸೂರ್ಯೋದಯ, ವ್ಯೂ ಪಾಯಿಂಟು ಯಾವುದೂ ಲೆಕ್ಕಕ್ಕಿಲ್ಲ. ಮೇಲೆ ಉಪ್ಪು ಸಿಗುತ್ತದೋ ಇಲ್ಲವೋ ಅಷ್ಟೆ. ಸಾವನದುರ್ಗ ಹೋಯಿತು, ಶಿವಗಂಗೆ ಹೋಯಿತು, ಮಾಕಳಿದುರ್ಗ, ಕಬ್ಬಾಳದುರ್ಗ ಹೋದವು. ಯಜಮಾನರು ಗೆರೆ ಎಳೆಯುವಾಗಲೆಲ್ಲ ಆಸ್ತಿ ಹೋದವರ ಹಾಗೆ ನಿಟ್ಟುಸಿರು ಬಿಟ್ಟರು.

ದೇವರಾಯನದುರ್ಗ ಅರ್ಧ ಪಾಸು. ನಾಮದ ಚಿಲುಮೆಯಲ್ಲಿ ಬಂಡೆಯಿಂದ ಒಸರುವ ನೀರಿಗೆ ಹುಡುಗಿ ಕೈಯೊಡ್ಡಿದಳು. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ರಾಮ ಬಾಣ ಬಿಟ್ಟ ಕತೆ ಕೇಳಿ, "ಕುಡಿಯಲು ಅಲ್ಲವೇ?" ಎಂದು ಗಂಡನನ್ನು ಕೇಳಿ ನಕ್ಕಳು. ಬೆಟ್ಟದ ಕೆಳಗಿನ ಮಜಲಿನಲ್ಲಿ ಭೋಗಾನರಸಿಂಹನ ಗುಡಿಯ ಹತ್ತಿರ ಮನೆಗಳಿವೆ. ಒಂದು ಅಂಗಡಿಯಲ್ಲಿ ಉಪ್ಪಿನ ಪ್ಯಾಕೆಟ್ಟೂ ಸಿಕ್ಕಿತು. ಆದರೆ ಅಂಗಡಿಯ ಮುಕ್ಕಾಲು ಪಾಲು ತೆಂಗಿನಕಾಯಿ, ಕುರ್‌ಕುರೆ, ನೀರಿನ ಬಾಟಲಿ. ಅದು ಬರುವವರ ಅಂಗಡಿ, ಇರುವವರದಲ್ಲ.

ಹುತ್ರಿದುರ್ಗ ನನಗೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಮಾಗಡಿ ದಾಟಿ ಹೋದರೆ ಕೋಟೆಯ ಹೊರಸುತ್ತಿನ ಮಗ್ಗುಲಲ್ಲೇ ಸಂತೆಪೇಟೆ ಎಂಬ ಹಳ್ಳಿ ಬದುಕಿಕೊಂಡಿದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮ್ಯಾಕೆ ಹೋಗಿ ಏನ್ ಮಾಡೀರಿ? ಗಾಳಿ ಬಿಟ್ರೆ ಅಲ್ಲೇನೈತೆ? ಕೂತ್ಕಳಿ" ಎಂದರು. ಕೂತೆವು. ಹುಡುಗಿ ತಾನೂ ಕಾಯಿ ಸುಲಿದಳು. ಅವರೆ ಸೊಗಡು ಬೆರಳಿಗೆ ಹತ್ತಿದ್ದನ್ನು ಕಾರಿನಲ್ಲೆಲ್ಲ ಮೂಸುತ್ತ ಬಂದಳು. ತುದಿಯ ಶಂಕರೇಶ್ವರನಿಗೆ ನಾವು ಕೆಳಗಿನಿಂದಲೇ ಕೈಮುಗಿದೆವು. ಅಜ್ಜಿಯ ಮಾತು ಮೀರುವುದು ತರವಲ್ಲ.

ಮಹದೇಶ್ವರನ ಬೆಟ್ಟವನ್ನು ಕೈಬಿಟ್ಟದ್ದು ನನಗೆ ಈಗಲೂ ಸಂಕಟ. ಎಪ್ಪತ್ತೇಳು ಮಲೆಯ ಆ ಒಡೆಯನಿಗೂ ನಮ್ಮ ಬಡಾವಣೆಗೂ ನಂಟಿದೆ. ಶಿವರಾತ್ರಿಗೆ ಮುಂಚೆ ಕನಕಪುರ ರಸ್ತೆಯಲ್ಲಿ ತಂಡ ತಂಡವಾಗಿ ಜನ ನಡೆದು ಹೋಗುತ್ತಾರೆ. ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೊ ಕಂಬಗಳ ಕೆಳಗೆ ನಿಂತು ಅವರಿಗೆ ಮಜ್ಜಿಗೆ, ಪಾನಕ ಹಂಚುವವರನ್ನು ನೋಡಿದ್ದೇನೆ. ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಗೆ ಇಳಿದು ಆಚೆ ದಡ ಸೇರಿ, ಕಾಡು ಹಾದು ಹನೂರಿನ ಕಡೆಗೆ. ಆ ಬೆಟ್ಟದ ಮೇಲೆ ನಿಜವಾದ ಊರಿದೆ, ಪೂಜೆ ನಡೆಸುವ ಬೇಡಗಂಪಣರ ಮನೆಗಳಿವೆ, ಶಾಲೆಯಿದೆ. ಉಪ್ಪಿನ ಪರೀಕ್ಷೆಯಲ್ಲಿ ಅದು ಮೊದಲ ದರ್ಜೆ. ಆದರೆ ಹೋದರೆ ಶಿವರಾತ್ರಿಯ ಹೊತ್ತಿಗೆ ಹೋಗಬೇಕು, ಕಂಸಾಳೆಯವರ ಬಾಯಲ್ಲಿ ಕತೆ ಕೇಳಬೇಕು. ಹುಡುಗರ ರಜೆ ಅಷ್ಟು ದಿನ ಇರಲಿಲ್ಲ.

ಉಳಿದದ್ದು ಮೇಲುಕೋಟೆ.

ಮಂಡ್ಯ ದಾಟಿ ಜಕ್ಕನಹಳ್ಳಿಯ ಕಡೆಯಿಂದ ರಸ್ತೆ ಏರತೊಡಗಿದಾಗಲೇ ಯೋಗಾನರಸಿಂಹನ ಬೆಟ್ಟ ಕಾಣಿಸಿತು. ನಾನು ಹುಡುಗಿಯ ಮುಖವನ್ನು ನೋಡುತ್ತಿದ್ದೆ. ಕಾರು ಬೆಟ್ಟದ ಬುಡದಲ್ಲಿ ನಿಲ್ಲಲಿಲ್ಲ. ಬೆಟ್ಟದ ಮೈಮೇಲೇ ಬೀದಿ ಶುರುವಾಯಿತು, ಮನೆಗಳು ಶುರುವಾದವು, ಯೂನಿಫಾರ್ಮಿನ ಮಕ್ಕಳು ಓಡಿ ರಸ್ತೆ ದಾಟಿದರು. ಕಾರಿನಿಂದ ಇಳಿದವಳೇ ಮೊದಲು ಕಂಡ ಅಂಗಡಿಗೆ ನುಗ್ಗಿದಳು. ಪುಳಿಯೋಗರೆ ಗೊಜ್ಜಿನ ಡಬ್ಬಿಗಳು ಮುಂದಿದ್ದವು, ಅವು ನಮ್ಮಂಥವರಿಗೆ. ಹಿಂದಿನ ಸಾಲಿನಲ್ಲಿ ಉಪ್ಪು, ತೊಗರಿಬೇಳೆ, ಬಟ್ಟೆ ಸೋಪು, ನಾಲ್ಕು ಗೆರೆಯ ಕಾಪಿ ಪುಸ್ತಕ, ಇಲಿ ಪಾಷಾಣ. ಇಲಿ ಪಾಷಾಣ ಏನೆಂದು ಗಂಡನಿಂದ ಕೇಳಿ ತಿಳಿದು ಅವಳು ತೀರ್ಪು ಕೊಟ್ಟಳು: ಇದು ಊರು. ಪ್ರವಾಸಿಗಳು ಯಾರೂ ಇಲಿ ಪಾಷಾಣ ಕೊಳ್ಳುವುದಿಲ್ಲ.

ಕಲ್ಯಾಣಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆವು. ನಾಲ್ಕೂ ಕಡೆ ಮಂಟಪಗಳು, ನೆತ್ತಿಯ ಮೇಲೆ ಯೋಗಾನರಸಿಂಹ, ಕೆಳಗೆ ಹಸಿರು ನೀರು. ಸಿನಿಮಾ ಹಾಡುಗಳಲ್ಲಿ ಈ ಕಲ್ಯಾಣಿಯನ್ನು ನೋಡಿ ನೋಡಿ ನಮ್ಮ ಕಣ್ಣು ಸವೆದಿದೆ. ಅವಳು ನೋಡಿದ್ದು ಬೇ‌ರೆ. ಬಂಡೆಯ ಮೇಲಿನ ನೀರು ಯಾವ ಕಡೆಯಿಂದ ಬಂದು ಸೇರುತ್ತದೆ, ತುಂಬಿದ ಮೇಲೆ ಎತ್ತ ಹೋಗುತ್ತದೆ ಎಂದು ಕತ್ತು ತಿರುಗಿಸಿ ಹುಡುಕಿದಳು. ಟೋಡಿಯ ದೊಡ್ಡ ಚೌಕದಲ್ಲಿ ಜನ ಕಾಫಿ ಕುಡಿಯುತ್ತ ಕೂರುವ ಜಾಗದ ಅಡಿಯಲ್ಲೇ ರೋಮನ್ನರ ಕಾಲದ ನೀರಿನ ತೊಟ್ಟಿಗಳಿವೆಯಂತೆ. "ನಾವು ನೀರನ್ನು ಬಚ್ಚಿಟ್ಟಿದ್ದೇವೆ, ನೀವು ಮಧ್ಯದಲ್ಲಿಟ್ಟು ಸುತ್ತ ಕೂತಿದ್ದೀರಿ" ಎಂದಳು. ಮೇಲುಕೋಟೆಯಲ್ಲಿ ಇದೊಂದೇ ಅಲ್ಲ. ನೂರಕ್ಕೂ ಮೇಲೆ ಕೊಳಗಳಿದ್ದವೆಂದು ಊರವರು ಹೇಳುತ್ತಾರೆ. ಪೊದೆಗಳ ನಡುವೆ, ಬಂಡೆಯ ಸಂದಿಯಲ್ಲಿ, ಯಾವುದೋ ಮಂಟಪದ ಹಿತ್ತಿಲಲ್ಲಿ ಹೀಗೆ ಎಲ್ಲೆಂದರಲ್ಲಿ ಕೊಳ. ಅಕ್ಕ-ತಂಗಿ ಕೊಳಗಳು ಅಕ್ಕಪಕ್ಕದಲ್ಲೇ ಇದ್ದರೂ ಒಂದರ ನೀರು ಕುಡಿಯಲು, ಇನ್ನೊಂದರದು ಬಟ್ಟೆಬರೆಗೆ ಎಂಬ ಕತೆ ಇದೆ. ನಮ್ಮ ಬಯಲುಸೀಮೆಯ ಬೇರೆ ಬೆಟ್ಟಗಳು ನೀರನ್ನು ಕೆಳಗೆ ಕಳಿಸಿ ಜನರನ್ನೂ ಕಳಿಸಿಕೊಟ್ಟವು. ಈ ಯದುಗಿರಿ ನೀರನ್ನು ಹಿಡಿದಿಟ್ಟುಕೊಂಡು ಜನರನ್ನು ಹಿಡಿದಿಟ್ಟುಕೊಂಡಿತು. ರಾಮಾನುಜಾಚಾರ್ಯರು ಹನ್ನೆರಡು ವರ್ಷ ಇಲ್ಲಿ ನೆಲೆಸಿದ್ದರೆಂಬ ಪ್ರತೀತಿಯ ಹಿಂದೆ ಚೆಲುವನಾರಾಯಣನ ಕೃಪೆ ಎಷ್ಟಿದೆಯೋ ಈ ಕೊಳಗಳ ಕೃಪೆಯೂ ಅಷ್ಟೇ ಇದೆ. ಇದನ್ನು ಗುಡಿಯ ಮುಂದೆ ಜೋರಾಗಿ ಹೇಳಬಾರದು ಎಂದು ಯಜಮಾನರು ಕಣ್ಣು ಬಿಟ್ಟರು.

ಇಲ್ಲಿ ಯೋಗವೂ ಮೇಲೆ, ಭೋಗವೂ ಮೇಲೆ. ನರಸಿಂಹ ತುದಿಯಲ್ಲಿ ಯೋಗಪಟ್ಟ ಕಟ್ಟಿ ಕೂತಿದ್ದರೆ, ಚೆಲುವರಾಯ ಬೀದಿಯ ಮಟ್ಟದಲ್ಲಿ ಅಲಂಕಾರ ಮಾಡಿಸಿಕೊಂಡು ನಿಂತಿದ್ದಾನೆ. ಕೆಳಗೆ ಉಳಿದದ್ದು ಅವನ ಒಡವೆ ಮಾತ್ರ. ವಜ್ರದ ವೈರಮುಡಿ ಕಿರೀಟ ಇರುವುದು ಮಂಡ್ಯದ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ, ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಪೂಜೆ ಮಾಡಿಸಿಕೊಳ್ಳುತ್ತ ಅದು ಬೆಟ್ಟ ಹತ್ತಿ ಬರುತ್ತದೆ. ರಾತ್ರಿ ಗರುಡನ ಮೇಲೆ ಕೂತ ದೇವರ ತಲೆಗೇರಿ, ಉತ್ಸವ ಮುಗಿದ ಮೇಲೆ ಮತ್ತೆ ಕೆಳಗಿಳಿಯುತ್ತದೆ. ಬೆಲೆಬಾಳುವುದನ್ನು ಬ್ಯಾಂಕಿನಲ್ಲಿಟ್ಟು ಮದುವೆಗೆ ಮಾತ್ರ ತರುವ ನಮ್ಮಂಥವರ ಪದ್ಧತಿಯೇ. ಹುಡುಗಿಗೆ ಇದು ಎಷ್ಟು ಹಿಡಿಸಿತೆಂದರೆ ಅವಳ ಅಮ್ಮನಿಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದಳು.

ಪು.ತಿ.ನ. ಹುಟ್ಟಿದ್ದು 1905ರಲ್ಲಿ ಇದೇ ಊರಿನಲ್ಲಿ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. 'ಗೋಕುಲ ನಿರ್ಗಮನ' ಬರೆದ ಕವಿಯ ಊರಿನಿಂದಲೂ ಒಬ್ಬೊಬ್ಬರೇ ನಿರ್ಗಮಿಸುತ್ತಿದ್ದಾರೆಂದು ಬೀದಿಯ ಬೀಗ ಹಾಕಿದ ಮನೆಗಳು ಹೇಳುತ್ತಿದ್ದವು. ತದ್ವಿರುದ್ಧವಾಗಿ ಇಲ್ಲಿಗೆ ಹುಡುಕಿಕೊಂಡು ಬಂದವರೂ ಇದ್ದಾರೆ. ಜಯಪ್ರಕಾಶ ನಾರಾಯಣರ ಒಡನಾಡಿಯಾಗಿದ್ದ ಸುರೇಂದ್ರ ಕೌಲಗಿ ಅವರು ಇಲ್ಲಿಗೆ ಬಂದು ನೆಲೆಸಿ 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಖಾದಿ ನೂಲು, ಸಹಜ ಬಣ್ಣ, ಕೃಷಿ ಎಂದು ಆ ಕೆಲಸ ಬೆಳೆಯಿತು. ಸುತ್ತಲಿನ ಕಾಡನ್ನು 1974ರಲ್ಲಿ ತೋಳಗಳಿಗಾಗಿ ಅಭಯಾರಣ್ಯ ಮಾಡಿದ್ದಾರೆಂಬುದು ಪುಳಿಯೋಗರೆಗೆ ಬಂದು ಹೋಗುವ ಎಷ್ಟು ಜನರಿಗೆ ಗೊತ್ತೋ.

ಜಗಲಿಯ ಮೇಲೆ ಪಂಚೆ ಒಣಹಾಕುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಮಾತಿಗೆಳೆದರು.

"ಬೆಂಗಳೂರಿನಲ್ಲಿ ತಮ್ಮದು ಯಾವ ಕಡೆ?"

"ಸುಬ್ರಹ್ಮಣ್ಯಪುರ ಸ್ವಾಮಿ."

"ಓಹೋ, ನಮ್ಮ ದೊಡ್ಡವನು ಅಲ್ಲೇ ಚಿಕ್ಕಲ್ಲಸಂದ್ರದಲ್ಲಿದ್ದಾನೆ. ಎರಡನೆಯವನು ಪದ್ಮನಾಭನಗರ. ಬನ್ನಿ ಬನ್ನಿ ಅಂತಾರೆ. ಅಲ್ಲಿ ಟ್ಯಾಂಕರ್ ನೀರಂತಲ್ಲ?"

ಯಜಮಾನರು ನಕ್ಕು ತಲೆಯಾಡಿಸಿದರು. ಸುಬ್ರಹ್ಮಣ್ಯಪುರಕ್ಕೂ ತನ್ನದೇ ಕೆರೆಯಿದೆ. ಬೇಸಿಗೆ ಬಂದರೆ ಆ ಕೆರೆಯ ಪಕ್ಕದ ರಸ್ತೆಯಲ್ಲೇ ಟ್ಯಾಂಕರುಗಳು ಓಡಾಡುತ್ತವೆ. ಬೆಟ್ಟದ ಮೇಲಿನ ತಂದೆಯ ಹತ್ತಿರ ಕೊಳದ ನೀರು, ಕೆಳಗಿಳಿದ ಮಕ್ಕಳ ಹತ್ತಿರ ಟ್ಯಾಂಕರ್ ನೀರು. ಈ ಸಂಭಾಷಣೆಯನ್ನು ಅಕ್ಕನ ಮಗ ಅನುವಾದಿಸಿದ ಮೇಲೆ ಹುಡುಗಿ ತನ್ನ ಊರಿನ ಕತೆ ಹೇಳಿದಳು. ಎರಡನೇ ಮಹಾಯುದ್ಧದ ನಂತರ ಟೂರಿನ್, ಮಿಲಾನ್‌ನ ಕಾರ್ಖಾನೆಗಳು ಹುಡುಗರನ್ನು ಕರೆದವು. ಗುಡ್ಡದ ಊರುಗಳು ಬರಿದಾದವು. ಅವಳ ಅಪ್ಪ ಓದಿದ ಶಾಲೆ ಮುಚ್ಚಿ ಕಾಲವಾಗಿದೆ. ಸಿಸಿಲಿಯ ಸಂಬೂಕಾ ಎಂಬ ಊರು 2019ರಲ್ಲಿ ಹಾಳುಬಿದ್ದ ಮನೆಗಳನ್ನು ಒಂದು ಯೂರೋ ಕನಿಷ್ಠ ಬೆಲೆಗೆ ಹರಾಜಿಗಿಟ್ಟಿತು, ಮೂರು ವರ್ಷದೊಳಗೆ ದುರಸ್ತಿ ಮಾಡಬೇಕೆಂಬ ಷರತ್ತಿನ ಮೇಲೆ. "ಒಂದು ಯೂರೋ ಅಂದ್ರೆ ಸುಮಾರು ನೂರು ರೂಪಾಯಿ. ಆ ದುಡ್ಡಿಗೆ ನಮ್ಮನೆಯಿಂದ ಬನಶಂಕರಿಗೆ ಆಟೋ ಬರಲ್ಲ" ಎಂದು ಯಜಮಾನರು ಬೆರಗಾದರು. ಅಂದಿನಿಂದ ಅವರ ಫೋನಿನಲ್ಲಿ ಸಿಸಿಲಿಯ ಮನೆಗಳದೇ ಚಿತ್ರ.

ಹುಡುಗರು ಹೊರಟುಹೋದ ಕೆಲವು ವಾರಕ್ಕೆ ಅವಳ ಪಟ್ಟಿ ಬಂತು. ಈಗ ಆರಿಸುವ ಸರದಿ ನಮ್ಮದು. ಕ್ಯಾಲೆಂಡರಿನ ಇನ್ನೊಂದು ಹಾಳೆ ಹೊರಬಿತ್ತು. ಸಾನ್ ಜಿಮಿನ್ಯಾನೊ: ಶ್ರೀಮಂತ ಮನೆತನಗಳು ಪೈಪೋಟಿಯಲ್ಲಿ ಎಬ್ಬಿಸಿದ ಕಲ್ಲಿನ ಗೋಪುರಗಳು ಹದಿನಾಲ್ಕರಷ್ಟು ಇಂದಿಗೂ ನಿಂತಿವೆ. ಆದರೆ ಹಗಲು ಪೂರ್ತಿ ಬಸ್ಸುಗಟ್ಟಲೆ ಜನ ಎಂದು ಅವಳೇ ಬರೆದಿದ್ದಳು. ಅಲ್ಲಿಯ ನಂದಿಬೆಟ್ಟ. ತೆಗೆದೆವು. ಪಿಯೆಂಜಾ: ಎರಡನೆಯ ಪಿಯುಸ್ ಪೋಪ್ ಆದ ಮೇಲೆ ತಾನು ಹುಟ್ಟಿದ ಕೊರ್ಸಿನ್ಯಾನೊ ಎಂಬ ಹಳ್ಳಿಯನ್ನು 1459ರಿಂದ ಹೊಸ ನಕ್ಷೆಯ ಪ್ರಕಾರ ಕಟ್ಟಿಸಿ ತನ್ನ ಹೆಸರನ್ನೇ ಇಟ್ಟ ಊರು. ಹುಟ್ಟೂರಿಗೆ ಏನಾದರೂ ಮಾಡಬೇಕೆಂಬ ಆಸೆ ನಮ್ಮ ಮಂತ್ರಿಗಳಿಗೂ ಇರುವುದರಿಂದ ಇದನ್ನು ಉಳಿಸಿಕೊಳ್ಳೋಣ ಎಂದರು ಯಜಮಾನರು.

ಚಿವಿತಾ ದಿ ಬಾನ್ಯೊರೇಜೊ ಬಗ್ಗೆ ಮನೆಯಲ್ಲಿ ವಾದವೇ ಆಯಿತು. ಜೇಡಿಮಣ್ಣಿನ ಮೇಲೆ ಕೂತ ಮೆದುಗಲ್ಲಿನ ದಿಬ್ಬ, ಅಂಚಿನಿಂದ ವರ್ಷ ವರ್ಷ ಕುಸಿಯುತ್ತ ಬಂದು ಈಗ ಒಂದು ಕಾಲುಸೇತುವೆಯ ಮೇಲೆ ಮಾತ್ರ ತಲುಪಬಹುದಾದ ಊರು. ವರ್ಷವಿಡೀ ಇರುವವರು ಹತ್ತು-ಹನ್ನೆರಡು ಜನ. 2013ರಿಂದ ಊರಿಗೇ ಪ್ರವೇಶ ಶುಲ್ಕ ಹಾಕಿದ್ದಾರೆ. "ಊರೊಳಗೆ ಹೋಗೋಕೆ ಟಿಕೆಟ್ಟಾ? ನಮ್ಮ ಸುಬ್ರಹ್ಮಣ್ಯಪುರ ಮುಖ್ಯ ರಸ್ತೆಗೂ ಹಾಕಿದ್ರೆ ಟ್ರಾಫಿಕ್ ಕಡಿಮೆಯಾಗ್ತಿತ್ತು" ಎಂದು ಯಜಮಾನರು ಗೆರೆ ಎಳೆಯಲು ಹೋದರು. ನಾನು ಪೆನ್ನು ಹಿಡಿದೆ. ಕುಸಿಯುವ ನೆಲದ ಮೇಲೆ ಉಳಿದಿರುವ ಆ ಹತ್ತು ಜನ ನನಗೆ ಬೇಕು. ಅವರಿಗೆ ಉಪ್ಪು ಸೇತುವೆಯ ಮೇಲೆ ಹೊತ್ತು ಬರಬೇಕಾಗುತ್ತದಲ್ಲ. ಪ್ರವಾಸಿಗಳ ದುಡ್ಡಿನಿಂದಲೇ ಆ ಊರು ದುರಸ್ತಿಯಾಗುತ್ತಿರುವುದೂ ನಿಜ, ಪ್ರವಾಸಿಗಳಿಂದಲೇ ಅದು ಬಾಲ್ಕನಿಯಾಗುತ್ತಿರುವುದೂ ನಿಜ. ಚಿವಿತಾ ಉಳಿಯಿತು, ಮುಂದೆ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.

ಟೋಡಿ ಬಗ್ಗೆ ಎರಡು ಮಾತಿರಲಿಲ್ಲ, ಚೌಕದಡಿಯ ತೊಟ್ಟಿಗಳನ್ನು ನೋಡಲೇಬೇಕು. ಅವಳ ಸ್ವಂತ ಊರು ಅವಳ ಪಟ್ಟಿಯಲ್ಲಿರಲಿಲ್ಲ. ಯಾಕೆಂದು ಕೇಳಿದರೆ, ಅಲ್ಲಿ ನೋಡುವಂಥದ್ದೇನೂ ಇಲ್ಲ, ಅಂಗಡಿ ಕೂಡ ಮುಚ್ಚಿದೆ, ವಾರಕ್ಕೆರಡು ಸಲ ವ್ಯಾನಿನಲ್ಲಿ ಬ್ರೆಡ್ಡು, ಉಪ್ಪು, ತರಕಾರಿ ತರುತ್ತಾರೆ ಎಂದಳು. ಅದನ್ನು ನಾನು ಎಲ್ಲಕ್ಕಿಂತ ಮೇಲೆ ಬರೆದೆ. ವ್ಯಾನು ಬರುವುದು ಮಂಗಳವಾರ ಮತ್ತು ಶುಕ್ರವಾರವಂತೆ. ಆ ಪ್ರಕಾರ ಟಿಕೆಟ್ ನೋಡು ಎಂದು ಅಕ್ಕನ ಮಗನಿಗೆ ಹೇಳಿದ್ದೇನೆ.

ಈಗ ತಕರಾರು ಇರುವುದು ಓರ್ವಿಯೇಟೊ ಒಂದರದೇ. ಊರು ಹತ್ತಲು ಕಷ್ಟವಿಲ್ಲ, ರೈಲು ನಿಲ್ದಾಣದಿಂದ ಮೇಲಕ್ಕೆ ಹಗ್ಗದಿಂದ ಎಳೆಯುವ ರೈಲಿದೆ. 1888ರಲ್ಲಿ ಅದನ್ನು ನೀರಿನ ಭಾರದಿಂದಲೇ ಓಡಿಸುತ್ತಿದ್ದರಂತೆ. ನನಗೆ ಬೇಕಾದದ್ದು ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಓಡಿಬಂದು ಇಲ್ಲಿ ಆಶ್ರಯ ಪಡೆದ ಏಳನೆಯ ಕ್ಲೆಮೆಂಟ್ ಪೋಪನಿಗೆ, ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂಬ ಭಯ ಹುಟ್ಟಿತು. ಹತ್ತು ವರ್ಷದಲ್ಲಿ ಬಂಡೆ ಕೊರೆದು ಸುಮಾರು 53 ಮೀಟರ್ ಆಳದ ಬಾವಿ ತೋಡಿಸಿದರು. ಅದಕ್ಕೆ ಸುರುಳಿ ಸುರುಳಿಯಾಗಿ ಎರಡು ಮೆಟ್ಟಿಲು ದಾರಿ, ಒಂದು ಇಳಿಯಲು, ಒಂದು ಹತ್ತಲು. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗದಂತೆ. ಚಿತ್ರದುರ್ಗದ ಹೊಂಡ ನೋಡಿದವಳು, ಮೇಲುಕೋಟೆಯ ಕಲ್ಯಾಣಿ ನೋಡಿದವಳು ಇದನ್ನು ನೋಡದೆ ಬರುವುದುಂಟೇ?

"ಮೆಟ್ಟಿಲೆಷ್ಟು?" ಎಂದು ಕೇಳಿದರು ಯಜಮಾನರು.

"ಇನ್ನೂರ ನಲವತ್ತೆಂಟು."

"ಇಳಿಯೋದಕ್ಕಾ, ಹತ್ತೋದಕ್ಕಾ?"

"ಎರಡಕ್ಕೂ ಅಷ್ಟಷ್ಟೇ ರೀ."

ಅವರು ಮಂಡಿ ನೀವಿಕೊಂಡರು. ಕೊನೆಗೆ ಒಪ್ಪಂದವಾಗಿದೆ. ಓರ್ವಿಯೇಟೊ ಪಟ್ಟಿಯಲ್ಲಿರುತ್ತದೆ. ಬಾವಿಗೆ ನಾನೊಬ್ಬಳೇ ಇಳಿಯುವುದು, ಅವರು ಮೇಲೆ ಕಾಫಿ ಕುಡಿಯುತ್ತ ಸಿಸಿಲಿಯ ಮನೆಗಳ ಬೆಲೆ ವಿಚಾರಿಸುವುದು.